ಸಾಫ್ಟ್‌ವೇರ್ ರೇಡಿಯೊ: ಮನೆಯಲ್ಲಿ ಎಷ್ಟು ಕೇಳೀತು?

ಮಾನ್ಯರೇ,

ಹಳೆಯ ರೇಡಿಯೊದಲ್ಲಿ ಬೇಕಾದ ಕೇಂದ್ರವನ್ನು ಆರಿಸುವುದೂ ಅದರ ಅಲೆಯಿಂದ ಧ್ವನಿಯನ್ನು ಬೇರ್ಪಡಿಸುವುದೂ ಕಾಯಿಲ್, ಕೆಪಾಸಿಟರ್, ಡಯೋಡ್‌ಗಳಂಥ ಬಿಡಿಭಾಗಗಳ ಕೆಲಸವಾಗಿತ್ತು. ಸಾಫ್ಟ್‌ವೇರ್ ರೇಡಿಯೊದಲ್ಲಿ ಆಂಟೆನಾ ಹಿಡಿದ ಸಂಕೇತವನ್ನು ಆದಷ್ಟು ಬೇಗ ಅಂಕಿಗಳಾಗಿ ಬದಲಿಸಿ, ಮುಂದಿನದನ್ನು ಕಂಪ್ಯೂಟರಿಗೆ ಒಪ್ಪಿಸುತ್ತೇವೆ. ಇದು ಜನಸಾಮಾನ್ಯರ ಕೈಗೆ ಬಂದದ್ದು 2012ರ ಸುಮಾರಿಗೆ. ಟಿವಿ ನೋಡಲೆಂದು ತಯಾರಾದ, ಆರ್‌ಟಿಎಲ್2832ಯು ಚಿಪ್ ಇರುವ ಅಗ್ಗದ ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ) ತಾನು ಅಳೆದ ಅಂಕಿಗಳನ್ನು ಹಾಗೆಯೇ ಹೊರಗೆ ಕೊಡಬಲ್ಲದು ಎಂಬುದು ಹವ್ಯಾಸಿಗಳಿಗೆ ಆಗ ಗೊತ್ತಾಯಿತು. ಬೇಕಾದ ಆವರ್ತನವನ್ನು ಆರಿಸುವ ಆರ್820ಟಿ ಟ್ಯೂನರ್ ಜೊತೆಗಿದ್ದರೆ ಅದು ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗೆ ಕೇಳುತ್ತದೆ.

ಇದರಿಂದ ಏನೆಲ್ಲ ಸಾಧ್ಯ ಎಂಬುದಕ್ಕೆ ವಿಮಾನಗಳೇ ಒಳ್ಳೆಯ ಉದಾಹರಣೆ. ವಿಮಾನಗಳು ತಮ್ಮ ಸ್ಥಾನ, ಎತ್ತರಗಳನ್ನು 1,090 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತಿರುತ್ತವೆ. ಸುಮಾರು 7 ಸೆಂಟಿಮೀಟರ್ ಉದ್ದದ ತಾಮ್ರದ ತಂತಿಯೇ ಇದಕ್ಕೆ ಆಂಟೆನಾ ಆಗುತ್ತದೆ. ಹತ್ತು ಕಿಲೋಮೀಟರ್ ಎತ್ತರದ ವಿಮಾನಕ್ಕೆ ರೇಡಿಯೊ ಅಲೆಗಳ ದಿಗಂತ ಸುಮಾರು 400 ಕಿಲೋಮೀಟರ್ ದೂರವಿರುವುದರಿಂದ, ಪುಣೆಯ ತೆರೆದ ತಾರಸಿಯಲ್ಲಿ ಕೂತವರ ಪರದೆಯ ಮೇಲೆ ಬೆಳಗಾವಿಯ ಮೇಲಿನ ವಿಮಾನವೂ ಮೂಡಬಹುದು. ಅನಲಾಗ್ ಚಿತ್ರಗಳನ್ನು (ಎಪಿಟಿ) ಕಳಿಸುತ್ತಿದ್ದ ಅಮೆರಿಕದ ಕೊನೆಯ ಹವಾಮಾನ ಉಪಗ್ರಹಗಳು 2025ರಲ್ಲಿ ಸೇವೆ ನಿಲ್ಲಿಸಿದಾಗಲೂ ಹವ್ಯಾಸಿಗಳು ಹೊಸ ಯಂತ್ರ ಕೊಳ್ಳಬೇಕಾಗಲಿಲ್ಲ; ಪ್ರೋಗ್ರಾಂ ಬದಲಿಸಿ, ಅದೇ ಡಾಂಗಲ್‌ನಲ್ಲಿ ರಷ್ಯಾದ ಮೀಟಿಯರ್ ಉಪಗ್ರಹಗಳ ಡಿಜಿಟಲ್ ಚಿತ್ರಗಳನ್ನು ಪಡೆಯಬಹುದಾಗಿತ್ತು. ಈ ಗುಣ ನನಗೆ ಬಹಳ ಅಮೂಲ್ಯವೆನಿಸುತ್ತದೆ.

ಇನ್ನು ಮಿತಿಗಳು. ಪ್ರಸಾರ ಮಾಡಬಲ್ಲ ಉಪಕರಣಕ್ಕೆ ಪರವಾನಗಿ ಬೇಕು. ಗೂಢಲಿಪಿಯಲ್ಲಿರುವ ಸಂದೇಶಗಳು ನಮಗೆ ತೆರೆಯುವುದಿಲ್ಲ, ಬೇರೆಯವರ ಖಾಸಗಿ ಸಂಭಾಷಣೆಗೆ ಕಿವಿಗೊಡುವುದು ಸಲ್ಲದು. ನಾನು ಹೆಚ್ಚು ಹೇಳಬೇಕಾದದ್ದು ತಾಂತ್ರಿಕ ಮಿತಿಯ ಬಗ್ಗೆ.

ಇಲ್ಲಿ ಪುಣೆಯಲ್ಲಿರುವ ಹಲವರು ಕೇಳಲು ಬಯಸುವ ಧಾರವಾಡ ಆಕಾಶವಾಣಿಯನ್ನೇ ತೆಗೆದುಕೊಳ್ಳೋಣ. ಅದು 765 ಕಿಲೋಹರ್ಟ್ಸ್‌ನಲ್ಲಿದೆ, ಅಂದರೆ ಡಾಂಗಲ್‌ನ ಸಹಜ ವ್ಯಾಪ್ತಿಗಿಂತ ಬಹಳ ಕೆಳಗೆ. ಆವರ್ತನವನ್ನು ಮೇಲಕ್ಕೇರಿಸುವ ಅಪ್‌ಕನ್ವರ್ಟರ್ ಹಾಕಬಹುದು, ಇಲ್ಲವೇ ಟ್ಯೂನರನ್ನು ಬಿಟ್ಟು ಸಂಕೇತವನ್ನು ನೇರವಾಗಿ ಚಿಪ್‌ಗೆ ಕೊಡಬಹುದು. ಆಗ ಎದುರಾಗುವುದು ಪುಣೆ ಆಕಾಶವಾಣಿ, 792 ಕಿಲೋಹರ್ಟ್ಸ್. ಧಾರವಾಡದಿಂದ ಮೂರೇ ಚಾನೆಲ್ ಆಚೆ. ಡಾಂಗಲ್ ಅಳೆಯುವುದು 8 ಬಿಟ್‌ಗಳಲ್ಲಿ, ಅಂದರೆ ಕೇವಲ 256 ಮೆಟ್ಟಿಲುಗಳಲ್ಲಿ. ಊರಿನೊಳಗಿನ ಪ್ರಬಲ ಕೇಂದ್ರ ಆ ಮೆಟ್ಟಿಲುಗಳನ್ನೆಲ್ಲ ಆಕ್ರಮಿಸಿದರೆ ದೂರದ ದುರ್ಬಲ ಅಲೆಯನ್ನು ಹುಡುಕುವುದು ವಾಲಗದ ಪಕ್ಕದಲ್ಲಿ ಕೂತು ಪಿಸುಮಾತು ಕೇಳಿದಂತೆ. ಪರದೆಯ ಮೇಲಿನ ಫಿಲ್ಟರ್ ಎಷ್ಟೇ ಚೂಪಾಗಿದ್ದರೂ, ಅಳತೆಯ ಹಂತದಲ್ಲೇ ಕಳೆದುಹೋದದ್ದನ್ನು ಅದು ಮರಳಿ ತರಲಾರದು.

ಇದರ ಮೇಲೆ ಮನೆಯದೇ ಗದ್ದಲ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್, ಲಿಫ್ಟಿನ ಮೋಟಾರು ಎಲ್ಲವೂ ಈ ಕೇಂದ್ರಗಳಿರುವ ಮಧ್ಯಮ ತರಂಗದಲ್ಲಿ ಗುಂಯ್ಗುಡುತ್ತವೆ. ನಮ್ಮ ಜಿಲ್ಲೆಯ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳ ಜಿಎಂಆರ್‌ಟಿ ರೇಡಿಯೊ ದೂರದರ್ಶಕವನ್ನು ಪುಣೆಯಿಂದ ಸುಮಾರು 80 ಕಿಲೋಮೀಟರ್ ಆಚೆ ನಿಲ್ಲಿಸಿದ್ದಕ್ಕೆ ಅಲ್ಲಿ ರೇಡಿಯೊ ಗದ್ದಲ ಕಡಿಮೆ ಎಂಬುದೂ ಕಾರಣ. ಅಪಾರ್ಟ್‌ಮೆಂಟಿನವರಿಗೆ ಆ ಅನುಕೂಲ ಇಲ್ಲ.

ಆದ್ದರಿಂದ ದುಬಾರಿ ರಿಸೀವರ್ ಕೊಳ್ಳುವ ಮೊದಲು ಆಂಟೆನಾಕ್ಕೆ ಗಮನ ಕೊಡಿ ಎಂಬುದು ನನ್ನ ಸಲಹೆ. ಚೌಕಟ್ಟಿನ ಮೇಲೆ ತಂತಿ ಸುತ್ತಿದ ಲೂಪ್ ಆಂಟೆನಾ ತನ್ನ ಸಮತಲದ ದಿಕ್ಕಿನಿಂದ ಬರುವುದನ್ನು ಚೆನ್ನಾಗಿ ಹಿಡಿಯುತ್ತದೆ, ಅದಕ್ಕೆ ಅಡ್ಡವಾಗಿ ಬರುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಕತ್ತಲಾದ ಮೇಲೆ, ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಮರಳುವ ಅಲೆಗಳು ದೂರ ಸಾಗುವ ಹೊತ್ತಿನಲ್ಲಿ, ಪುಣೆ ಕೇಂದ್ರ ಆದಷ್ಟು ಕ್ಷೀಣಿಸುವವರೆಗೆ ಲೂಪನ್ನು ನಿಧಾನವಾಗಿ ತಿರುಗಿಸಿ. ಧಾರವಾಡ ನಮಗೆ ದಕ್ಷಿಣ-ಆಗ್ನೇಯಕ್ಕಿದೆ. ನಿಮ್ಮ ಮನೆಯಿಂದ ಪುಣೆಯ ಪ್ರಸಾರ ಗೋಪುರವೂ ಅದೇ ದಿಕ್ಕಿಗಿದ್ದರೆ ಈ ಉಪಾಯ ನಡೆಯದು, ಅಡ್ಡ ದಿಕ್ಕಿಗಿದ್ದರೆ ಸಾಧಾರಣ ಡಾಂಗಲ್‌ನಲ್ಲೂ ಪ್ರಯತ್ನಿಸಿ ನೋಡಬಹುದು.