ಇಪ್ಪತ್ತೆರಡರ ಹರೆಯವನ್ನು ಅಳೆಯುವವರು

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಕೊನೆಯ ಹೊತ್ತಿಗೆ ಅಮೆರಿಕದ ಯಾವುದಾದರೊಂದು ನಗರದಲ್ಲಿ ಮೂರು ದಿನಗಳ ಸಮಾರಂಭವೊಂದು ನಡೆಯುತ್ತದೆ. ಅಲ್ಲಿ ಯಾರೂ ಆಡುವುದಿಲ್ಲ. ವೇದಿಕೆಗೆ ಬಂದವರು ಒಂದು ಹೆಸರು ಓದುತ್ತಾರೆ, ಜನ ಹರ್ಷೋದ್ಗಾರ ಮಾಡುತ್ತಾರೆ ಅಥವಾ ತಲೆ ಚಚ್ಚಿಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಹೆಸರು. 2024ರಲ್ಲಿ ಡೆಟ್ರಾಯಿಟ್‌ನಲ್ಲಿ ಇದನ್ನು ನೋಡಲು ಬಂದವರ ಸಂಖ್ಯೆ 7.75 ಲಕ್ಷವನ್ನು ಮುಟ್ಟಿತು. ಇದು ಎನ್‌ಎಫ್‌ಎಲ್, ಅಂದರೆ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಡ್ರಾಫ್ಟ್. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ ಅಮೆರಿಕನ್ ಫುಟ್‌ಬಾಲ್‌ನ 32 ವೃತ್ತಿಪರ ತಂಡಗಳು ಕಾಲೇಜಿನಿಂದ ಬರುವ ಹುಡುಗರನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಸಂದರ್ಭ.

ನಮಗೆ ಪರಿಚಿತವಾದ ಐಪಿಎಲ್ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಡ್ರಾಫ್ಟ್‌ನ ಕ್ರಮ ಬೇರೆ. ಹಿಂದಿನ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು, ಚಾಂಪಿಯನ್ ತಂಡಕ್ಕೆ ಸುತ್ತಿನ ಕೊನೆಯದು, ಹೀಗೆ ಏಳು ಸುತ್ತುಗಳು. ಈ ಹಕ್ಕನ್ನು ತಂಡಗಳು ಪರಸ್ಪರ ಕೊಟ್ಟು ಕೊಳ್ಳಬಹುದು. ಹುಡುಗನ ಇಷ್ಟಾನಿಷ್ಟವನ್ನು ಮಾತ್ರ ಯಾರೂ ಕೇಳುವುದಿಲ್ಲ. ಶ್ರೀಮಂತ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುತ್ತಿದ್ದ ಕಾಲದಲ್ಲಿ, 1935ರಲ್ಲಿ, ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಈ ವ್ಯವಸ್ಥೆಯನ್ನು ಮುಂದಿಟ್ಟರು. ಮರುವರ್ಷ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಇತಿಹಾಸದ ಆ ಮೊದಲ ಆಯ್ಕೆ ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಅವರು ವೃತ್ತಿಪರ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡದೆ ಬೇರೆ ಉದ್ಯೋಗ ಹಿಡಿದರು.

ಆಗ ತಂಡಗಳ ಬಳಿ ಇದ್ದದ್ದು ಪತ್ರಿಕೆಯ ವರದಿಗಳು, ಬಾಯಿಂದ ಬಾಯಿಗೆ ಬಂದ ಮಾತು. ಈಗ ಪ್ರತಿ ತಂಡಕ್ಕೂ ಸ್ಕೌಟ್‌ಗಳ ಪಡೆಯೇ ಇದೆ. ಇವರು ವರ್ಷದ ಬಹುಪಾಲು ಕಾಲೇಜಿನಿಂದ ಕಾಲೇಜಿಗೆ ಅಲೆಯುತ್ತಾರೆ, ಅಭ್ಯಾಸ ನೋಡುತ್ತಾರೆ, ಪಂದ್ಯದ ದೃಶ್ಯಗಳನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಾರೆ, ಹುಡುಗನ ತರಬೇತುದಾರನನ್ನೂ ಹೈಸ್ಕೂಲಿನ ಶಿಕ್ಷಕರನ್ನೂ ಮಾತನಾಡಿಸುತ್ತಾರೆ. ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ಸಾಮೂಹಿಕ ಪರೀಕ್ಷೆ. ಮುನ್ನೂರಕ್ಕೂ ಹೆಚ್ಚು ಹುಡುಗರಿಗೆ ಕರೆ ಬರುತ್ತದೆ. 40 ಯಾರ್ಡ್, ಅಂದರೆ ಸುಮಾರು 37 ಮೀಟರ್ ಓಟ. 102 ಕಿಲೋ ಭಾರವನ್ನು ಮಲಗಿಕೊಂಡು ಎಷ್ಟು ಸಲ ಎತ್ತಬಲ್ಲ ಎಂಬ ಎಣಿಕೆ. ಎತ್ತರ ಜಿಗಿತ, ಉದ್ದ ಜಿಗಿತ. ಅಂಗೈ ಅಗಲವನ್ನೂ ತೋಳಿನ ಉದ್ದವನ್ನೂ ಇಂಚಿನ ಭಾಗಗಳಲ್ಲಿ ಬರೆದುಕೊಳ್ಳುತ್ತಾರೆ. ಹಳೆಯ ಗಾಯವಿರುವ ಮೊಣಕಾಲನ್ನು ಒಂದೊಂದು ತಂಡದ ವೈದ್ಯರೂ ಹಿಡಿದು ತಿರುಗಿಸಿ ನೋಡುತ್ತಾರೆ. ಈ ವೈದ್ಯಕೀಯ ತಪಾಸಣೆಗೆ ಅರ್ಥವಿದೆ ಎಂದು ನಾನು ಒಪ್ಪುತ್ತೇನೆ. ಆದರೆ ಒಳಚಡ್ಡಿಯಷ್ಟರಲ್ಲಿ ಸಾಲುಗಟ್ಟಿ ನಿಂತ ಹುಡುಗರನ್ನು ತೂಗಿ ಅಳೆದು ಟಿಪ್ಪಣಿ ಬರೆಯುವ ದೃಶ್ಯ ನನಗೆ ಯಾವತ್ತೂ ಕಸಿವಿಸಿ ಉಂಟುಮಾಡಿದೆ. ಅವರಲ್ಲಿ ಬಹಳಷ್ಟು ಮಂದಿ ಕಪ್ಪು ಜನಾಂಗದವರು ಎಂಬುದನ್ನು ಮರೆತು ಆ ದೃಶ್ಯವನ್ನು ನೋಡಲಾಗದು.

ಇಷ್ಟೆಲ್ಲ ಅಳೆದ ಮೇಲೆ ಉತ್ತರ ಸಿಗುತ್ತದೆಯೇ? ಟಾಮ್ ಬ್ರೇಡಿಯವರನ್ನೇ ತೆಗೆದುಕೊಳ್ಳೋಣ. 2000ನೇ ಇಸವಿಯ ಕಂಬೈನ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಈ ಕ್ವಾರ್ಟರ್‌ಬ್ಯಾಕ್ 40 ಯಾರ್ಡ್ ಓಡಲು 5.28 ಸೆಕೆಂಡ್ ತೆಗೆದುಕೊಂಡರು. ತೀರಾ ನಿಧಾನ. ಮೈಯಲ್ಲಿ ಕಸುವಿಲ್ಲ, ತೆಳ್ಳಗಿದ್ದಾನೆ ಎಂದು ವರದಿಗಳು ಹೇಳಿದವು. ಕ್ವಾರ್ಟರ್‌ಬ್ಯಾಕ್ ಎಂದರೆ ದಾಳಿಯನ್ನು ನಡೆಸುವವನು. ಎದುರಾಳಿಗಳು ಮೇಲೆ ಬೀಳುವ ಮೊದಲು, ಎರಡು ಮೂರು ಸೆಕೆಂಡಿನಲ್ಲಿ, ಚೆಂಡನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸಬೇಕಾದವನು. ಆ ಕೆಲಸದಲ್ಲಿ ಬ್ರೇಡಿ ಹೇಗಿದ್ದರೆಂಬುದಕ್ಕೆ ಸಾಕ್ಷಿ ಎಲ್ಲರ ಕಣ್ಣೆದುರೇ ಇತ್ತು. ಅದೇ ವರ್ಷದ ಜನವರಿ 1ರಂದು ಆರೆಂಜ್ ಬೌಲ್ ಎಂಬ ಕಾಲೇಜು ಪಂದ್ಯದಲ್ಲಿ ಅಲಬಾಮಾ ವಿರುದ್ಧ ಎರಡು ಸಲ 14 ಅಂಕಗಳಷ್ಟು ಹಿಂದೆ ಬಿದ್ದ ತಂಡವನ್ನು ಅವರು ಎರಡು ಸಲವೂ ಮೇಲೆತ್ತಿದರು. 369 ಯಾರ್ಡ್‌ಗಳ ಪಾಸ್ (ಎಸೆತ), ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸಿ ಅಂಕ ಗಳಿಸುವ ಟಚ್‌ಡೌನ್ ನಾಲ್ಕು, ಹೆಚ್ಚುವರಿ ಅವಧಿಯಲ್ಲಿ 35–34ರ ಗೆಲುವು. ಆದರೂ ಡ್ರಾಫ್ಟ್‌ನಲ್ಲಿ ಅವರಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅವರ ಹೆಸರು ಹೇಳುವಾಗ ಆರನೆಯ ಸುತ್ತು, 199ನೆಯ ಆಯ್ಕೆ.

ಮುಂದಿನದು ಎಲ್ಲರಿಗೂ ಗೊತ್ತು: ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಏಳು ಗೆಲುವು, ಈ ಆಟದಲ್ಲಿ ಮತ್ತಾವ ಆಟಗಾರನಿಗೂ ದಕ್ಕದ್ದು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪೇಟ್ರಿಯಟ್ಸ್ ತಂಡದ ದೂರದೃಷ್ಟಿಯನ್ನು ಹೊಗಳುತ್ತಾರೆ. ಆ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ತರಬೇತುದಾರರಾಗಿದ್ದ ಡಿಕ್ ರೆಬೈನ್ ಈ ಹುಡುಗನ ಪರವಾಗಿ ವಾದಿಸಿದ್ದು ನಿಜ. ಬ್ರೇಡಿಯ ಏಳಿಗೆಯನ್ನು ನೋಡುವ ಮೊದಲೇ, 2001ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಆದರೆ ಅದೇ ಡ್ರಾಫ್ಟ್‌ನಲ್ಲಿ ಪೇಟ್ರಿಯಟ್ಸ್ ಬ್ರೇಡಿಗಿಂತ ಮೊದಲು ಬೇರೆ ಆರು ಆಟಗಾರರನ್ನು ಆರಿಸಿತ್ತು. ಮುಂದೇನಾಗಲಿದೆ ಎಂದು ತಿಳಿದಿದ್ದರೆ ಯಾರಾದರೂ ಆರು ಸಲ ಕೈಬಿಡುತ್ತಿದ್ದರೇ? ಈ ಒಂದು ಸಂಗತಿ ನನಗೆ ಉಳಿದ ಎಲ್ಲ ಹೊಗಳಿಕೆಗಿಂತ ಮುಖ್ಯವಾಗಿ ಕಾಣುತ್ತದೆ. ಸರಿಯಾಗಿ ಆರಿಸಿದವರಿಗೂ ತಾವು ಏನನ್ನು ಆರಿಸುತ್ತಿದ್ದೇವೆಂದು ಪೂರ್ತಿ ತಿಳಿದಿರಲಿಲ್ಲ. ಹಾಗಾದರೆ ಒಳ್ಳೆಯ ಮೌಲ್ಯಮಾಪನ ಎಂದರೆ ತನ್ನ ಅನುಮಾನ ಎಷ್ಟು ದೊಡ್ಡದೆಂದು ಲೆಕ್ಕವಿಟ್ಟುಕೊಂಡು ಆರಿಸುವುದು ಎಂದು ನಾನು ನಂಬುತ್ತೇನೆ. ಇದನ್ನು ಒಪ್ಪುವ ತಂಡಗಳು ಕಡಿಮೆ.

ಅನುಮಾನವನ್ನು ಅಂಕಿಗಳಲ್ಲಿ ಹಿಡಿಯಲು ಹೊರಟ ಮೊದಲಿಗರಲ್ಲಿ ಒಬ್ಬರು ಭಾರತದಿಂದ ಹೋದವರು. ಅವರ ಹೆಸರು ಸಲಾಂ ಖುರೇಷಿ. 1960ರ ದಶಕದ ಆರಂಭದಲ್ಲಿ ಅವರು ಐಬಿಎಂ ಸಂಸ್ಥೆಯ ಅಂಗವೊಂದರಲ್ಲಿದ್ದ ಸಂಖ್ಯಾಶಾಸ್ತ್ರಜ್ಞ. ಡಲ್ಲಾಸ್ ಕೌಬಾಯ್ಸ್ ತಂಡದ ಜನರಲ್ ಮ್ಯಾನೇಜರ್ ಟೆಕ್ಸ್ ಶ್ರಾಮ್‌ಗೆ ಸ್ಕೌಟ್‌ಗಳ ವರದಿಗಳ ಮೇಲೆ ಭರವಸೆ ಹೋಗಿತ್ತು. ಕಂಪ್ಯೂಟರ್‌ನಿಂದ ಏನಾದರೂ ಸಾಧ್ಯವೇ ಎಂದು ಹುಡುಕುತ್ತಿದ್ದರು. ಖುರೇಷಿಯವರಿಗೆ ಅಮೆರಿಕನ್ ಫುಟ್‌ಬಾಲ್ ಗೊತ್ತಿರಲಿಲ್ಲ, ತರಬೇತುದಾರರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಆಟಗಾರನೊಬ್ಬನಲ್ಲಿ ನೋಡಬೇಕಾದ ಗುಣಗಳೆಂದು ಸಿಕ್ಕ ಪಟ್ಟಿ ಮುನ್ನೂರರಷ್ಟು ಉದ್ದವಿತ್ತು. ಅದನ್ನು ಅವರು ಐದಕ್ಕೆ ಇಳಿಸಿದರು: ನಡತೆ, ಚುರುಕು ಮತ್ತು ದೇಹದ ಹಿಡಿತ, ಸ್ಪರ್ಧೆಯ ಛಲ, ಮನಸ್ಸಿನ ಎಚ್ಚರ, ಬಲ ಮತ್ತು ಸಿಡಿಯುವ ಶಕ್ತಿ. ಪ್ರತಿಯೊಂದಕ್ಕೂ ಸ್ಕೌಟ್‌ಗಳು ಒಂದೇ ಪ್ರಶ್ನಾವಳಿಯ ಮೇಲೆ ಅಂಕ ಕೊಡಬೇಕು. ಅಲ್ಲಿಯವರೆಗೆ ಒಬ್ಬನಿಗೆ ‘ಬಹಳ ಚುರುಕು’ ಆದ ಹುಡುಗ ಇನ್ನೊಬ್ಬನಿಗೆ ‘ಪರವಾಗಿಲ್ಲ’ ಆಗಿರುತ್ತಿದ್ದ. ಹೋಲಿಸಲು ದಾರಿಯೇ ಇರಲಿಲ್ಲ. ಈಗ ಅದೇ ಕೆಲಸವನ್ನು ಮಾಡಲು ಲೀಗ್‌ನ ಪ್ರತಿ ತಂಡದಲ್ಲೂ ಜನರಿದ್ದಾರೆ. ಕ್ರಿಕೆಟ್ ಬಲ್ಲ ಭಾರತೀಯನೊಬ್ಬ ಅದಕ್ಕೆ ಹಾದಿ ಹಾಕಿದವರಲ್ಲಿ ಇದ್ದ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದೆ ಉಳಿದಿದೆ.

ಆದರೆ ಅಂಕ ಕೊಡುವ ಕಣ್ಣು ಮನುಷ್ಯನದೇ ತಾನೆ? ಬಿಲ್ ಪೋಲಿಯನ್ ಎಂಬ ಹೆಸರನ್ನು ಕೇಳಿ. 1998ರಲ್ಲಿ ಅವರು ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಆಯ್ಕೆಯ ಹೊಣೆ ಹೊತ್ತಿದ್ದರು. ಕೈಯಲ್ಲಿ ಮೊದಲ ಆಯ್ಕೆ. ಎದುರಿಗೆ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು: ಪೇಟನ್ ಮ್ಯಾನಿಂಗ್ ಮತ್ತು ರಯನ್ ಲೀಫ್. ಲೀಫ್ ಮೇಲೆಂದು ವಾದಿಸಿದ ಅನುಭವಿಗಳಿಗೆ ಆಗ ಕೊರತೆ ಇರಲಿಲ್ಲ. ಪೋಲಿಯನ್ ಮ್ಯಾನಿಂಗ್ ಅವರನ್ನು ಆರಿಸಿದರು. ಮ್ಯಾನಿಂಗ್ ಐದು ಸಲ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಲೀಫ್‌ಗಾಗಿ ಸ್ಯಾನ್ ಡಿಯಾಗೊ ತಂಡ ಮೂರನೆಯ ಸ್ಥಾನದಿಂದ ಎರಡಕ್ಕೆ ಏರಲು ಮರುವರ್ಷದ ಮೊದಲ ಸುತ್ತಿನ ಆಯ್ಕೆಯನ್ನೂ ಇಬ್ಬರು ಆಟಗಾರರನ್ನೂ ಸೇರಿಸಿ ಬಹಳಷ್ಟನ್ನು ಬಿಟ್ಟುಕೊಟ್ಟಿತ್ತು. ಲೀಫ್ ಅವರ ಇಡೀ ವೃತ್ತಿಜೀವನದ ಲೆಕ್ಕ 14 ಟಚ್‌ಡೌನ್ ಪಾಸ್, ಎದುರಾಳಿಯ ಕೈಸೇರಿದ 36 ಪಾಸ್.

ಇದೇ ಪೋಲಿಯನ್, ಆಟದ ಮಹನೀಯರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಮೇಲೆ, 2018ರ ಆರಂಭದಲ್ಲಿ ಟಿವಿಯಲ್ಲಿ ಲಮಾರ್ ಜಾಕ್ಸನ್ ಬಗ್ಗೆ ಅಭಿಪ್ರಾಯ ಹೇಳಿದರು. ಲೂಯಿವಿಲ್‌ನ ಈ ಹುಡುಗ 2016ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್‌ಮನ್ ಪ್ರಶಸ್ತಿ ಪಡೆದ ಕ್ವಾರ್ಟರ್‌ಬ್ಯಾಕ್. ಪೋಲಿಯನ್ ಪ್ರಕಾರ ಅವನು ಗಿಡ್ಡ, ಮೈಕಟ್ಟು ಸಣ್ಣದು, ಪಾಸ್ ಹಿಡಿಯುವ ರಿಸೀವರ್ ಆಗುವುದು ಮೇಲು. ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳು ಈ ಮಾತನ್ನು ಹಲವು ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ವಾರನ್ ಮೂನ್ ಅವರನ್ನು 1978ರ ಡ್ರಾಫ್ಟ್‌ನಲ್ಲಿ ಒಂದು ತಂಡವೂ ಆರಿಸಲಿಲ್ಲ. ಕ್ವಾರ್ಟರ್‌ಬ್ಯಾಕ್ ಸ್ಥಾನವನ್ನು ಬಿಡಲೊಪ್ಪದೆ ಅವರು ಕೆನಡಾಕ್ಕೆ ಹೋದರು, ಎಡ್ಮಂಟನ್ ತಂಡದಲ್ಲಿ ಅಲ್ಲಿನ ಲೀಗ್‌ನ ಪ್ರಶಸ್ತಿಯಾದ ಗ್ರೇ ಕಪ್ ಅನ್ನು ಸತತ ಐದು ಸಲ ಗೆದ್ದರು, 1984ರಲ್ಲಿ ಎನ್‌ಎಫ್‌ಎಲ್‌ಗೆ ಬಂದರು, 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಓಡಬಲ್ಲ ಕಪ್ಪು ಹುಡುಗನ ಕಾಲುಗಳನ್ನು ನೋಡಿ ಅವನ ತಲೆಯನ್ನು ಮರೆಯುವ ರೂಢಿ ಮೂನ್ ಅವರ ಕಾಲಕ್ಕೇ ಮುಗಿಯಬೇಕಿತ್ತು. ನಲವತ್ತು ವರ್ಷಗಳ ನಂತರವೂ ಅದು ಉಳಿದಿತ್ತೆಂಬುದು ನನ್ನನ್ನು ಸಿಟ್ಟಿಗೆಬ್ಬಿಸುತ್ತದೆ.

2018ರ ಡ್ರಾಫ್ಟ್‌ನಲ್ಲಿ ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳು ಜಾಕ್ಸನ್‌ಗಿಂತ ಮೊದಲು ಹೋದರು. ಮೊದಲ ಸುತ್ತಿನ ಕಟ್ಟಕಡೆಯ, 32ನೆಯ ಆಯ್ಕೆಯಲ್ಲಿ ಬಾಲ್ಟಿಮೋರ್ ರೇವನ್ಸ್ ಅವರನ್ನು ತೆಗೆದುಕೊಂಡಿತು. ಗಮನಿಸಿ, ಈ ತಂಡ ಕೂಡ ಅದಕ್ಕೂ ಮೊದಲು 25ನೆಯ ಆಯ್ಕೆಯಲ್ಲಿ ಬೇರೊಬ್ಬನನ್ನು ಆರಿಸಿತ್ತು. ಜಾಕ್ಸನ್ ಎರಡನೆಯ ವರ್ಷದಲ್ಲೇ ಸರ್ವಾನುಮತದಿಂದ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು, 2023ರ ಋತುವಿನಲ್ಲಿ ಮತ್ತೊಮ್ಮೆ. ತನ್ನ ಅಂದಾಜು ತಪ್ಪಾಗಿತ್ತೆಂದು ಪೋಲಿಯನ್ 2019ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅದು ಅವರ ದೊಡ್ಡತನ. ಮ್ಯಾನಿಂಗ್ ಅವರನ್ನು ಗುರುತಿಸಿದ ಕಣ್ಣಿಗೇ ಜಾಕ್ಸನ್ ಕಾಣಲಿಲ್ಲ ಎಂದರೆ, ಯಾವ ಕಣ್ಣನ್ನೂ ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಈ ವಿಷಯವನ್ನು ಹಲವು ವರ್ಷಗಳ ಡ್ರಾಫ್ಟ್ ದಾಖಲೆಗಳಲ್ಲಿ ಪರೀಕ್ಷಿಸಿದ್ದಾರೆ. ಥೇಲರ್ 2017ರಲ್ಲಿ ನೊಬೆಲ್ ಪಡೆದವರು. ಅವರು ಕೇಳಿದ ಪ್ರಶ್ನೆ ಸರಳವಾಗಿದೆ. ಒಂದೇ ಸ್ಥಾನಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಾಧ್ಯತೆ ಎಷ್ಟು? ಸಿಕ್ಕ ಉತ್ತರ ಶೇಕಡಾ 52. ನಾಣ್ಯ ಚಿಮ್ಮಿದರೂ 50 ಬರುತ್ತದೆ! ಸ್ಕೌಟ್‌ಗಳು ದಡ್ಡರೆಂದು ಇದರ ಅರ್ಥವಲ್ಲ. ಮೊದಲ ಸುತ್ತಿನವರು ಏಳನೆಯ ಸುತ್ತಿನವರಿಗಿಂತ ಒಟ್ಟಾರೆ ಚೆನ್ನಾಗಿಯೇ ಆಡುತ್ತಾರೆ. ಪಕ್ಕಪಕ್ಕದ ಇಬ್ಬರ ನಡುವಿನ ಸೂಕ್ಷ್ಮ ವ್ಯತ್ಯಾಸ ತನಗೆ ತಿಳಿದಿದೆ ಎಂಬ ನಂಬಿಕೆಯೇ ದುಬಾರಿ. ಒಬ್ಬನಿಗಾಗಿ ಮೂರು ವರ್ಷಗಳ ಆಯ್ಕೆಗಳನ್ನು ಸುರಿಯುವುದಕ್ಕಿಂತ, ಕೆಳಗಿಳಿದು ಹೆಚ್ಚು ಆಯ್ಕೆಗಳನ್ನು ಗಳಿಸುವುದು ಲಾಭಕರ ಎಂದು ಅವರ ಲೆಕ್ಕ ಹೇಳುತ್ತದೆ.

ಓಟದ ಗಡಿಯಾರವೂ ಹೀಗೆಯೇ ಮರುಳುಮಾಡುತ್ತದೆ. 2017ರಲ್ಲಿ ಜಾನ್ ರಾಸ್ 40 ಯಾರ್ಡ್‌ಗಳನ್ನು 4.22 ಸೆಕೆಂಡಿನಲ್ಲಿ ಓಡಿ ಆಗಿನ ದಾಖಲೆ ಬರೆದರು, ಸಿನ್ಸಿನಾಟಿ ತಂಡಕ್ಕೆ ಒಂಬತ್ತನೆಯವರಾಗಿ ಆಯ್ಕೆಯಾದರು, ಮೊದಲ ಋತುವಿನಲ್ಲಿ ಒಂದು ಪಾಸನ್ನೂ ಹಿಡಿಯಲಿಲ್ಲ. ಹತ್ತನೆಯ ಆಯ್ಕೆ, ಮುಂದೆ ಸೂಪರ್ ಬೌಲ್‌ಗಳನ್ನು ಗೆದ್ದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಟೆಕ್ಸಾಸ್ ಟೆಕ್‌ನ ಆಟದ ಶೈಲಿಯಲ್ಲಿ ಯಾರು ಎಸೆದರೂ ಅಂಕಿಗಳು ಉಬ್ಬುತ್ತವೆ, ಅವನ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು ಎಂಬ ಶಂಕೆ ಅವರ ಬಗ್ಗೆ ಇತ್ತು. ಕ್ಯಾನ್ಸಸ್ ಸಿಟಿ ತಂಡ ಅವರನ್ನು ಒಂದು ವರ್ಷ ಹೆಚ್ಚುಕಡಿಮೆ ಆಡಿಸದೆ, ಅನುಭವಿ ಅಲೆಕ್ಸ್ ಸ್ಮಿತ್ ಹಿಂದೆ ನಿಲ್ಲಿಸಿ, ತರಬೇತುದಾರ ಆಂಡಿ ರೀಡ್ ಕೈಕೆಳಗೆ ಪಳಗಿಸಿತು. ಮಹೋಮ್ಸ್‌ಗಿಂತ ಮೊದಲು, ಎರಡನೆಯವರಾಗಿ ಶಿಕಾಗೊ ಸೇರಿದ ಕ್ವಾರ್ಟರ್‌ಬ್ಯಾಕ್ ಮಿಚ್ ಟ್ರುಬಿಸ್ಕಿಯನ್ನು ಆ ಅಕ್ಟೋಬರ್‌ನಲ್ಲೇ ಕಣಕ್ಕಿಳಿಸಿದರು, ಋತು ಮುಗಿದಾಗ ಅವರ ತರಬೇತುದಾರನನ್ನೇ ತೆಗೆದುಹಾಕಿದರು. ಇಬ್ಬರ ಪ್ರತಿಭೆ ಸಮಾನವೆಂದು ನಾನು ಹೇಳುತ್ತಿಲ್ಲ. ಆದರೆ ಹುಡುಗನಿಗೆ ಅಂಕ ಕೊಡುವ ತಂಡ, ಅವನನ್ನು ಬೆಳೆಸಲು ತನ್ನಿಂದಾಗುತ್ತದೆಯೇ ಎಂದು ತನಗೂ ಅಂಕ ಕೊಟ್ಟುಕೊಳ್ಳಬೇಕು.

ಸ್ಯಾನ್ ಫ್ರಾನ್ಸಿಸ್ಕೊ ತಂಡದ ಎರಡು ಆಯ್ಕೆಗಳನ್ನು ಹೇಳಿ ಮುಗಿಸುತ್ತೇನೆ. 2021ರಲ್ಲಿ ಅದು ಹನ್ನೆರಡನೆಯ ಸ್ಥಾನದಿಂದ ಮೂರಕ್ಕೆ ಏರಲು ಮುಂದಿನ ಎರಡೂ ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟು ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್ ಅವರನ್ನು ತಂದಿತು. ಸಣ್ಣ ಕಾಲೇಜು, ಪೂರ್ತಿ ಆಡಿದ್ದು ಒಂದೇ ಋತು. ಆ ಋತುವಿನಲ್ಲಿ 28 ಟಚ್‌ಡೌನ್ ಪಾಸ್, ಎದುರಾಳಿಗೆ ಸಿಕ್ಕಿದ್ದು ಸೊನ್ನೆ. ಬೆರಗಾಗಿಸುವ ಅಂಕಿಗಳು, ಆದರೆ ಪುರಾವೆ ಅತ್ಯಲ್ಪ. 2022ರಲ್ಲಿ ಅವರ ಕಣಕಾಲು ಮುರಿಯಿತು. ಮರುವರ್ಷ ಅವರನ್ನು ನಾಲ್ಕನೆಯ ಸುತ್ತಿನ ಒಂದು ಆಯ್ಕೆಗೆ ಡಲ್ಲಾಸ್‌ಗೆ ಬಿಟ್ಟುಕೊಟ್ಟರು. ಇದೇ ತಂಡ, ಇದೇ ಜನ, 2022ರ ಡ್ರಾಫ್ಟ್‌ನ ಕೊನೆಯ, 262ನೆಯ ಆಯ್ಕೆಯಲ್ಲಿ ಐಯೋವಾ ಸ್ಟೇಟ್‌ನ ಬ್ರಾಕ್ ಪರ್ಡಿಯನ್ನು ತೆಗೆದುಕೊಂಡಿತ್ತು. ಅವರು ಕಾಲೇಜಿನಲ್ಲಿ ನಾಲ್ಕು ಋತು ಆಡಿ, ಎಲ್ಲ ಬಗೆಯ ತಪ್ಪುಗಳನ್ನೂ ಮಾಡಿ, ತಿದ್ದಿಕೊಂಡು ಬಂದವರು. 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಮಹೋಮ್ಸ್ ಎದುರು ಆ ತಂಡವನ್ನು ನಡೆಸಿದ್ದು ಪರ್ಡಿ; ಹೆಚ್ಚುವರಿ ಅವಧಿಗೆ ಹೋದ ಪಂದ್ಯವನ್ನು 25–22ರಿಂದ ಸೋತರು.

ಕೇಳುಗರಲ್ಲಿ ಹಲವರ ಮಕ್ಕಳು, ಬಂಧುಗಳು ಅಮೆರಿಕದಲ್ಲಿದ್ದಾರೆ. ಏಪ್ರಿಲ್‌ನಲ್ಲಿ ಅಲ್ಲಿಗೆ ಹೋದರೆ, ಗುರುವಾರ ರಾತ್ರಿಯ ಮೊದಲ ಸುತ್ತನ್ನು ಎಲ್ಲರೂ ಹೇಗೂ ನೋಡುತ್ತಾರೆ. ನೀವು ಶನಿವಾರವೂ ಟಿವಿ ಮುಂದೆ ಕುಳಿತುಕೊಳ್ಳಿ. ನಾಲ್ಕರಿಂದ ಏಳರವರೆಗಿನ ಸುತ್ತುಗಳು ಅಂದು ನಡೆಯುತ್ತವೆ, ಬ್ರೇಡಿ ಮತ್ತು ಪರ್ಡಿಯಂಥವರ ಹೆಸರನ್ನು ಓದುವುದು ಆ ಸುತ್ತುಗಳಲ್ಲಿ. ಯಾರು ಎಷ್ಟು ಋತು ಆಡಿದ್ದಾನೆ, ಯಾವ ತರಬೇತುದಾರನ ಬಳಿಗೆ ಹೋಗುತ್ತಿದ್ದಾನೆ ಎಂದು ಗುರುತು ಹಾಕಿಕೊಳ್ಳಿ; ಮೂರು ವರ್ಷ ಬಿಟ್ಟು ಆ ಪಟ್ಟಿಯನ್ನು ತೆಗೆದು ನೋಡಿ.

ನಮಸ್ಕಾರ.