ಪರಿಹಾರ ಎಂಬ ಪದದ ಮೇಲೊಂದು ತಕರಾರು

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಯುದ್ಧಾನಂತರದ ಪರಿಹಾರ’ ಎಂದು ಅಚ್ಚಾಗಿದೆ. ಆ ಕೊನೆಯ ಪದದ ಮೇಲೆಯೇ ನನಗೆ ತಕರಾರಿದೆ. ಕನ್ನಡದಲ್ಲಿ ನಷ್ಟಕ್ಕೆ ಕೊಡುವ ಹಣವೂ ಪರಿಹಾರ, ಸಮಸ್ಯೆ ಬಗೆಹರಿದರೆ ಅದೂ ಪರಿಹಾರ, ಪಾಪ ಕಳೆದರೆ ಅದೂ ಪರಿಹಾರವೇ. ಸಂಧಾನಕ್ಕೆ ಕುಳಿತವರು ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. ಇಂದು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ.

ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದದ ಕಥೆ ನಿಮಗೆ ಗೊತ್ತಿದೆ. 1921ರಲ್ಲಿ ಜರ್ಮನಿಯ ಮೇಲೆ 13,200 ಕೋಟಿ ಚಿನ್ನದ ಮಾರ್ಕ್ ಹೊರಿಸಿದರು. ಅದಕ್ಕೆ ಸಂಬಂಧಿಸಿದ ಸಾಲಪತ್ರಗಳ ಕೊನೆಯ ಕಂತು ತೀರಿದ್ದು 2010ರಲ್ಲಿ. ಅದನ್ನು ಬಿಟ್ಟು 1952ಕ್ಕೆ ಬರೋಣ.

ನೆದರ್‌ಲೆಂಡ್ಸ್‌ನ ವಾಸೆನಾರ್‌ನಲ್ಲಿ ಆ ವರ್ಷದ ಮಾರ್ಚ್‌ನಲ್ಲಿ ನಾಜಿಗಳು ಯಹೂದಿಗಳ ಮೇಲೆ ನಡೆಸಿದ ಹತ್ಯಾಕಾಂಡದ ಲೆಕ್ಕ ಮಾತಾಡಲು ಪಶ್ಚಿಮ ಜರ್ಮನಿ ಮತ್ತು ಇಸ್ರೇಲ್ ಎದುರುಬದುರು ಕುಳಿತವು. ಇಸ್ರೇಲ್ ನಿಯೋಗದ ಶಿನ್ನಾರ್ ಮತ್ತು ಜರ್ಮನ್ ನಿಯೋಗದ ಕ್ಯೂಸ್ಟರ್ ಇಬ್ಬರ ಹುಟ್ಟೂರೂ ಸ್ಟುಟ್‌ಗಾರ್ಟ್. ಆದರೂ ಮಾತುಕತೆ ನಡೆದದ್ದು ಇಂಗ್ಲಿಷಿನಲ್ಲಿ! ತಾಯಿನುಡಿ ಒಂದೇ ಆಗಿದ್ದವರು ಪರಭಾಷೆಯಲ್ಲಿ ಲೆಕ್ಕ ಹೇಳಿಕೊಂಡ ಆ ಕೋಣೆಯನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ‘ಸತ್ತವರಿಗೆ ಬೆಲೆ ಕಟ್ಟುತ್ತೀರಾ’ ಎಂದು ಜನವರಿಯಲ್ಲಷ್ಟೇ ಜೆರುಸಲೇಮಿನ ಜನ ಸಂಸತ್ತಿನ ಮೇಲೆ ಕಲ್ಲು ತೂರಿದ್ದರು. ಸಂಧಾನಕ್ಕೆ ಒಪ್ಪಿಗೆ ಸಿಕ್ಕಿದ್ದು 61–50 ಮತಗಳಲ್ಲಿ.

ಆ ಪ್ರಶ್ನೆಗೆ ಇಸ್ರೇಲ್ ಮಾಡಿದ್ದ ಲೆಕ್ಕವೇ ಉತ್ತರ, ದಯವಿಟ್ಟು ಗಮನಿಸಿ. ಸತ್ತವರ ಹೆಸರಿನಲ್ಲಿ ಅದು ಒಂದು ಕಾಸನ್ನೂ ಬರೆಯಲಿಲ್ಲ. ಬದುಕಿ ಬಂದ ಐದು ಲಕ್ಷ ನಿರಾಶ್ರಿತರಿಗೆ ನೆಲೆ ಒದಗಿಸಲು ತಲೆಗೆ 3,000 ಡಾಲರ್, ಒಟ್ಟು 150 ಕೋಟಿ. ಅದರಲ್ಲಿ 100 ಕೋಟಿ ಪಶ್ಚಿಮ ಜರ್ಮನಿಯ ಪಾಲು. ಜರ್ಮನರು ಇದನ್ನು ‘ಮತ್ತೆ ಸರಿಪಡಿಸುವುದು’ ಎಂಬರ್ಥದ ಪದದಿಂದ ಕರೆದರು. ಇಸ್ರೇಲ್ ಆರಿಸಿಕೊಂಡ ‘ಷಿಲುಮಿಮ್’ ಎಂಬ ಹೀಬ್ರೂ ಪದದಲ್ಲಿ ಪಾವತಿ ಇದೆ, ಕ್ಷಮೆಯಿಲ್ಲ. ಹಣ ಪಡೆಯುತ್ತೇವೆ, ಪಾಪ ಕಳೆಯಿತೆಂದು ರಸೀದಿ ಕೊಡುವುದಿಲ್ಲ ಎಂಬ ನಿಲುವು ಅದು.

ಮಾತುಕತೆ ಮುರಿದು ಬಿತ್ತು. ತಮ್ಮ ಸರ್ಕಾರದ ಕೈ ಬಿಗಿಯಾಯಿತೆಂದು ಜರ್ಮನ್ ನಿಯೋಗದ ಮುಖ್ಯಸ್ಥ ಬೋಮ್ ಮತ್ತು ಕ್ಯೂಸ್ಟರ್ ಇಬ್ಬರೂ ರಾಜೀನಾಮೆಗೆ ಮುಂದಾದರು. ಎದುರಾಳಿಯ ಹಕ್ಕಿಗಾಗಿ ತನ್ನ ಹುದ್ದೆ ಬಿಡಲು ಸಿದ್ಧನಾದ ಸಂಧಾನಕಾರ ಎಷ್ಟು ಅಪರೂಪ! ಕೊನೆಗೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಮಧ್ಯೆ ಬಂದರು. ಇಸ್ರೇಲಿಗೆ 300 ಕೋಟಿ ಮಾರ್ಕ್, ಬಹುಪಾಲು ಸರಕಿನ ರೂಪದಲ್ಲಿ. ಯಹೂದಿ ಸಂಘಟನೆಗಳಿಗೆ 45 ಕೋಟಿ. ಸೆಪ್ಟೆಂಬರ್ 10ರ ಬೆಳಿಗ್ಗೆ ಲಕ್ಸೆಂಬರ್ಗ್‌ನಲ್ಲಿ ಅಡೆನಾವರ್ ಮತ್ತು ಇಸ್ರೇಲಿನ ವಿದೇಶಾಂಗ ಸಚಿವ ಶಾರೆಟ್ ಸಹಿ ಹಾಕಿದರು. ಯಾರೂ ಭಾಷಣ ಮಾಡಲಿಲ್ಲ. ಕ್ಷಮೆಯ ಮಾತಿನಲ್ಲಿ ಒಮ್ಮತವಿಲ್ಲದಿದ್ದಾಗ ಮೌನವೇ ಪ್ರಾಮಾಣಿಕವೆಂದು ನಾನು ನಂಬುತ್ತೇನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಜಪಾನಿನಿಂದ ಯುದ್ಧನಷ್ಟದ ಹಣ ಪಡೆದ ಬರ್ಮಾ, ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳ ಮಾತು ಇವತ್ತಿಗೆ ಬಿಡುತ್ತೇನೆ. ಕೊರಿಯಾದ ಬಗ್ಗೆ ಮಾತ್ರ ಎರಡು ನಿಮಿಷ ಕೊಡಿ.

1965ರಲ್ಲಿ ಜಪಾನ್, ಹಿಂದೆ ತನ್ನ ಆಳ್ವಿಕೆಯಲ್ಲಿದ್ದ ದಕ್ಷಿಣ ಕೊರಿಯಾಕ್ಕೆ 30 ಕೋಟಿ ಡಾಲರ್ ಅನುದಾನ, 20 ಕೋಟಿ ಸಾಲ ಕೊಡಲು ಒಪ್ಪಿತು. ಜಪಾನ್ ಅದನ್ನು ಆರ್ಥಿಕ ಸಹಕಾರ ಎಂದಿತು, ಕೊರಿಯಾ ಹಕ್ಕಿನ ಹಣ ಎಂದಿತು. ಎರಡೂ ಕಡೆಯ ಹಕ್ಕುಗಳು ‘ಸಂಪೂರ್ಣವಾಗಿ, ಅಂತಿಮವಾಗಿ’ ತೀರಿದವೆಂದು ಒಪ್ಪಂದದಲ್ಲಿ ಬರೆದರು. 2018ರಲ್ಲಿ, ಯುದ್ಧಕಾಲದಲ್ಲಿ ಬಲವಂತವಾಗಿ ದುಡಿಸಿಕೊಳ್ಳಲ್ಪಟ್ಟವರಿಗೆ ಜಪಾನಿನ ಕಂಪನಿ ಹಣ ಕೊಡಬೇಕೆಂದು ಕೊರಿಯಾದ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆ ದಾವೆಯ ನಾಲ್ವರಲ್ಲಿ ಅಂದು ತೀರ್ಪು ಕೇಳಲು ಬದುಕಿದ್ದವರು ಒಬ್ಬರೇ. ಅವರಿಗೆ 94 ವರ್ಷ.