ಹೆಗಲಿಗೊಂದು ಸಣ್ಣ ಚೀಲ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಹತ್ತಿರವಾದಂತೆ ನಮ್ಮ ಮನೆಗಳಲ್ಲಿ ನಡೆಯುವ ತಯಾರಿ ನಿಮಗೆ ಗೊತ್ತೇ ಇದೆ. ಹೆಂಚು ಕೈಯಾಡಿಸುತ್ತೇವೆ, ಸೌದೆ ಒಳಗೆ ಸೇರಿಸುತ್ತೇವೆ, ಹಪ್ಪಳ ಸಂಡಿಗೆ ಡಬ್ಬಿಗೆ ತುಂಬುತ್ತೇವೆ, ಕೊಡೆಯ ಕಡ್ಡಿ ಕಟ್ಟಿಸುತ್ತೇವೆ. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿ ಎಂದು ಹೇಳುವುದಕ್ಕೆ ಇವತ್ತು ಬಂದಿದ್ದೇನೆ. ಒಂದು ಸಣ್ಣ ಚೀಲ ಆರಿಸಿಕೊಳ್ಳಿ. ದಿನಾ ಕೆಲಸಕ್ಕೆ, ಪೇಟೆಗೆ, ಆಸ್ಪತ್ರೆಗೆ ಹೋಗುವಾಗ ಹೆಗಲ ಮೇಲಿರುವ ಚೀಲ. ಆಪತ್ತು ಬಂದ ದಿನವೂ ಅದೇ ಚೀಲ ಕೈಗೆ ಸಿಗಬೇಕು.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದು, ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೊಳಗೆ ನುಗ್ಗಿದ್ದು ಯಾರಿಗೂ ಮರೆತಿಲ್ಲ. ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರ ಸೇರಿದವು. ಅನ್ನ ಸಿಕ್ಕಿತು, ಹೊದಿಕೆ ಸಿಕ್ಕಿತು. ಆಮೇಲೆ ಶುರುವಾಗುವ ಪಡಿಪಾಟಲು ಬೇರೆಯದು: ಪರಿಹಾರದ ಅರ್ಜಿಗೆ ಆಧಾರ್ ಬೇಕು, ಪಾಸ್‌ಬುಕ್ ಬೇಕು, ಪಡಿತರ ಚೀಟಿ ಬೇಕು. ಅಜ್ಜಿಯ ಬಿಪಿ ಮಾತ್ರೆಯ ಹೆಸರು ಯಾರ ನೆನಪಿನಲ್ಲೂ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆಯೇ ಗುಡ್ಡ ಬಿತ್ತು. ಅಂಥ ಗುಡ್ಡದ ಎದುರು ಯಾವ ಚೀಲವೂ ಏನೂ ಮಾಡಲಾರದು, ಆ ಭ್ರಮೆ ನನಗಿಲ್ಲ. ಆದರೆ ಅಂಥ ರಸ್ತೆ ಮುಚ್ಚಿದಾಗ ಹಿಂದೆ ಮುಂದೆ ಗಂಟೆಗಟ್ಟಲೆ ನಿಂತ ಬಸ್ಸುಗಳಲ್ಲಿ ಕೂತವರಿಗೆ, ಶಿರಾಡಿ ಘಾಟಿಯಲ್ಲಿ ಮರ ಬಿದ್ದು ರಾತ್ರಿಯೆಲ್ಲ ಕಳೆದವರಿಗೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಟ್ರಾಕ್ಟರ್ ಏರಿ ಕಚೇರಿಗೆ ಹೋದವರಿಗೆ, ಅರ್ಧ ಲೀಟರ್ ನೀರು, ಒಂದು ಟಾರ್ಚು, ಒಂದು ಹೊತ್ತಿನ ಮಾತ್ರೆ ಬಹಳ ದೊಡ್ಡ ವಿಷಯ. ನಮಗೆ ಬರುವ ಆಪತ್ತುಗಳಲ್ಲಿ ಹೆಚ್ಚಿನವು ಈ ಜಾತಿಯವು.

ಅದಕ್ಕೇ ನಾನು ಅಟ್ಟದ ಮೇಲೆ ಇಡುವ ದೊಡ್ಡ ಆಪತ್ಕಾಲದ ಚೀಲದ ಪರ ಅಷ್ಟಾಗಿ ಮಾತಾಡುವುದಿಲ್ಲ. ಉತ್ಸಾಹದಲ್ಲಿ ಅದನ್ನು ತುಂಬಿಸುತ್ತೇವೆ, ಬೀರುವಿನ ತಲೆಯ ಮೇಲೆ ಇಡುತ್ತೇವೆ, ಮರೆಯುತ್ತೇವೆ. ಎರಡು ವರ್ಷ ಕಳೆದು ತೆಗೆದರೆ ಮಾತ್ರೆಗಳ ಅವಧಿ ಮುಗಿದಿರುತ್ತದೆ, ಟಾರ್ಚಿನೊಳಗೆ ಸೆಲ್ಲು ಸೋರಿ ಹಸಿರು ಕಿಲುಬು ಕಟ್ಟಿರುತ್ತದೆ, ಬಿಸ್ಕತ್ತಿನಲ್ಲಿ ಇರುವೆ. ದಿನಾ ಬಳಸುವ ಚೀಲದಲ್ಲಿ ಹೀಗಾಗುವುದು ಕಡಿಮೆ, ಏಕೆಂದರೆ ಕೈ ದಿನಾ ಅದರೊಳಗೆ ಹೋಗುತ್ತದೆ. ನದಿ ದಂಡೆಯಲ್ಲೋ ಗುಡ್ಡದ ಬುಡದಲ್ಲೋ ಮನೆ ಇರುವವರ ವಿಷಯ ಬೇರೆ. ಅವರಿಗೆ ಬಟ್ಟೆಬರೆ, ಮೂಲ ದಾಖಲೆಗಳಿರುವ ಎರಡನೇ ಗಂಟೊಂದು ಬೇಕೇ ಬೇಕು. ಆದರೂ ಮೊದಲು ಕೈಗೆ ಬರುವುದು ಈ ಸಣ್ಣ ಚೀಲವೇ.

ಈಗ ಆಯ್ಕೆಗೆ ಬರೋಣ. ಅಂಗಡಿಗೆ ಹೋಗಿ ಚೀಲ ತಂದು, ಆಮೇಲೆ ಅದರಲ್ಲಿ ಏನು ತುಂಬಿಸೋಣ ಎಂದು ಯೋಚಿಸಬೇಡಿ. ಖಾಲಿ ಜಾಗ ಕಂಡರೆ ತುಂಬಿಸುವುದು ಮನುಷ್ಯನ ಸ್ವಭಾವ. ಮೊದಲು ಸಾಮಾನನ್ನೆಲ್ಲ ಮಂಚದ ಮೇಲೆ ಹರಡಿ. ಅರ್ಧ ಲೀಟರಿನ ನೀರಿನ ಬಾಟಲಿ, ಮಡಚುವ ಕೊಡೆ, ಪವರ್ ಬ್ಯಾಂಕು ಮತ್ತು ವೈರು, ಸಣ್ಣ ಟಾರ್ಚು, ಒಂದು ಸೀಟಿ, ತೆಳು ಟವೆಲು, ಔಷಧಿಯ ಪೊಟ್ಟಣ, ಶೇಂಗಾ ಚಿಕ್ಕಿಯೋ ಬಿಸ್ಕತ್ತೋ, ಹಣ, ಗುರುತಿನ ಚೀಟಿ. ಇದಿಷ್ಟನ್ನು ಒತ್ತಾಗಿ ಜೋಡಿಸಿ ನೋಡಿದರೆ ಐದಾರು ಲೀಟರಿನ ಜಾಗ ಸಾಕಾಗುತ್ತದೆ. ಮಧ್ಯಾಹ್ನದ ಬುತ್ತಿಯೂ ಸೇರಬೇಕಾದರೆ ಹತ್ತು ಲೀಟರ್. ಚೀಲದ ಚೀಟಿಯಲ್ಲಿ 10 ಲೀಟರ್ ಎಂದಿದ್ದ ಮಾತ್ರಕ್ಕೆ ಲೀಟರಿನ ಹತ್ತು ಬಾಟಲಿ ಹಿಡಿಯುತ್ತದೆ ಎಂದು ತಿಳಿಯಬೇಡಿ. ಮೂಲೆ, ಸಂದು, ಹೊರಗಿನ ಜೇಬು ಎಲ್ಲ ಅವರ ಲೆಕ್ಕದಲ್ಲಿ ಬರುತ್ತದೆ. ಸಾಧ್ಯವಾದರೆ ನಿಮ್ಮ ಬಾಟಲಿ ಮತ್ತು ಕೊಡೆಯನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ ಹಾಕಿ ನೋಡಿ. ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಪಕ್ಕದ ಅಂಗಡಿ ಇದ್ದೇ ಇದೆ.

ತೂಕಕ್ಕೂ ಒಂದು ಮಿತಿ ಇರಲಿ. ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಚೀಲ ಎರಡು ಕಿಲೊ ದಾಟಬಾರದು ಎಂದು ನಮ್ಮ ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲಿ ಸುತ್ತೋಲೆ ಹೊರಡಿಸಿತು. ದೊಡ್ಡವರ ಈ ಚೀಲಕ್ಕೂ ಅದೇ ಎರಡು ಕಿಲೊ ಸಾಕು. ಅದಕ್ಕಿಂತ ಭಾರವಾದರೆ ಮೊದಲ ವಾರ ಹೊರುತ್ತೀರಿ, ಎರಡನೇ ವಾರ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಹೋಗುತ್ತೀರಿ.

ಹೆಗಲ ಅಡ್ಡಕ್ಕೆ ಹಾಕುವ ಒಂಟಿ ಪಟ್ಟಿಯ ಚೀಲವೋ, ಬೆನ್ನಿಗೆ ಹಾಕುವ ಎರಡು ಪಟ್ಟಿಯದೋ? ನೀವು ಹೇಗೆ ಓಡಾಡುತ್ತೀರಿ ನೋಡಿ. ಬಸ್ಸಿನವರಿಗೆ ಅಡ್ಡ ಚೀಲ ಅನುಕೂಲ. ನೂಕುನುಗ್ಗಲಿನಲ್ಲಿ ಎದೆಯ ಮುಂದಕ್ಕೆ ಎಳೆದುಕೊಳ್ಳಬಹುದು, ಕೂತಾಗ ತೊಡೆಯ ಮೇಲೆ ಇರುತ್ತದೆ. ಶಕ್ತಿ ಯೋಜನೆಯ ಟಿಕೆಟ್ ಪಡೆಯುವ ಹೆಣ್ಣುಮಕ್ಕಳಿಗೆ ಗುರುತಿನ ಚೀಟಿ ತೋರಿಸಬೇಕಾಗುತ್ತದೆ, ಚೀಲ ಇಳಿಸದೆ ಅದು ಸಿಗಬೇಕು. ಪೇಟೆಯಲ್ಲಿ ನಡೆಯುವಾಗ ಚೀಲ ರಸ್ತೆಯ ಕಡೆಗಿರದೆ ಗೋಡೆಯ ಕಡೆಗಿರಲಿ, ಬೈಕಿನಲ್ಲಿ ಬಂದು ಕಿತ್ತುಕೊಳ್ಳುವವರಿಗೆ ಕೈ ಎಟುಕದ ಹಾಗೆ. ಸ್ಕೂಟರು, ಬೈಕಿನವರು ಬೆನ್ನಿನ ಚೀಲವನ್ನೇ ಆರಿಸಿ. ಒಂಟಿ ಪಟ್ಟಿಯದು ತಿರುವಿನಲ್ಲಿ ಮುಂದಕ್ಕೆ ಜಾರಿ ಹ್ಯಾಂಡಲಿಗೆ ಅಡ್ಡ ಬರುತ್ತದೆ. ಬೆನ್ನಿನ ಚೀಲದ ಪಟ್ಟಿಯ ತುದಿ ಉದ್ದಕ್ಕೆ ಜೋತಾಡುತ್ತಿದ್ದರೆ ಮಡಚಿ ಹೊಲಿಸಿಬಿಡಿ. ಸೆರಗು ಚಕ್ರಕ್ಕೆ ಸಿಕ್ಕಿದ ಹಾಗೆಯೇ ಅದೂ ಸಿಕ್ಕೀತು.

ಜೇಬುಗಳ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ನಮ್ಮ ಹಿರಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಅಡಿಕೆಯ ಸಂಚಿ ನೋಡಿದ್ದೀರಲ್ಲ? ಧಾರವಾಡದ ಕಡೆ ಅದಕ್ಕೆ ಚಂಚಿ ಎನ್ನುತ್ತಾರೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು ಮಡಿಕೆ. ಜಗಲಿಯ ಕತ್ತಲಲ್ಲಿ ಮಾತು ನಿಲ್ಲಿಸದೆ, ಕಣ್ಣು ಹಾಯಿಸದೆ, ಬೆರಳಲ್ಲೇ ಹುಡುಕಿ ತೆಗೆಯುತ್ತಿದ್ದರು. ನಿಮ್ಮ ಚೀಲವೂ ಹಾಗಿರಬೇಕು. ಇಪ್ಪತ್ತು ಜೇಬುಗಳಿರುವ ಚೀಲದಲ್ಲಿ ಇಪ್ಪತ್ತು ಕಡೆ ತಡಕಾಡಬೇಕಾಗುತ್ತದೆ. ಒಂದೇ ದೊಡ್ಡ ಹೊಟ್ಟೆಯ ಚೀಲದಲ್ಲಿ ಎಲ್ಲ ತಳಕ್ಕೆ ಇಳಿದು ಕಲಸಿಹೋಗುತ್ತದೆ. ಮೂರು ನಾಲ್ಕು ಜೇಬು ಇರಲಿ, ಯಾವುದರಲ್ಲಿ ಏನು ಎಂಬುದು ಎಂದೂ ಬದಲಾಗದಿರಲಿ. ಟಾರ್ಚು ಇಂದು ಮುಂದೆ, ನಾಳೆ ಹಿಂದೆ ಎಂದಾದರೆ ಕರೆಂಟು ಹೋದ ಹೊತ್ತಿಗೆ ಟಾರ್ಚು ಹುಡುಕಲು ಇನ್ನೊಂದು ಟಾರ್ಚು ಬೇಕಾಗುತ್ತದೆ.

ಆಪತ್ತಿನ ಸಾಮಾನುಗಳನ್ನು ನೇರ ಚೀಲಕ್ಕೆ ಹಾಕದೆ, ಅಂಗೈ ಅಗಲದ ಜಿಪ್ಪಿನ ಪರ್ಸೊಂದರಲ್ಲಿ ಹಾಕಿ, ಅದನ್ನು ಚೀಲದಲ್ಲಿಡಿ. ಮದುವೆಗೆ ಹೋಗುವಾಗ ಬೇರೆ ಚೀಲ, ಕಚೇರಿಗೆ ಬೇರೆ ಚೀಲ ಹಿಡಿಯುವವರಿಗೆ ಇದರಿಂದ ಬಹಳ ಉಪಯೋಗ. ಪರ್ಸು ಎತ್ತಿ ಅದರಿಂದ ಇದಕ್ಕೆ ಹಾಕಿದರೆ ಮುಗಿಯಿತು. ಕೆಂಪೋ ಹಳದಿಯೋ, ಎದ್ದು ಕಾಣುವ ಬಣ್ಣ ಇರಲಿ. ನಿಮಗೆ ತಲೆಸುತ್ತು ಬಂದು ಕೂತಾಗ ಚೀಲ ತೆರೆಯುವವರು ಬೇರೆ ಯಾರೋ ಆಗಿರುತ್ತಾರೆ, ಅವರಿಗೂ ಕಾಣಬೇಕು.

ಆ ಪರ್ಸಿನಲ್ಲಿ ಏನೇನು? ದಿನಾ ಮಾತ್ರೆ ನುಂಗುವವರು ಮೂರು ದಿನಕ್ಕಾಗುವಷ್ಟು ಮಾತ್ರೆ ಇಟ್ಟುಕೊಳ್ಳಿ. ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಹೆಸರು, ಅವಧಿಯ ತಾರೀಖು ಇರುವ ತುಂಡು ಹಾಗೇ ಇರಲಿ. ಸಕ್ಕರೆ ಕಾಯಿಲೆಯವರು ಗ್ಲೂಕೋಸಿನ ಸಣ್ಣ ಪೊಟ್ಟಣ ಇಟ್ಟುಕೊಳ್ಳಿ. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನು ಕೋಣೆಯ ತಂಪಿನಲ್ಲಿ ಕೆಲವು ವಾರ ಕೆಡದೆ ಇರುತ್ತದೆ, ಬಿಸಿಲಲ್ಲಿ ನಿಂತ ಸ್ಕೂಟರಿನ ಸೀಟಿನಡಿಯ ಕಾವನ್ನು ತಡೆಯಲಾರದು. ಹಾಗಾಗಿ ಚೀಲವನ್ನು ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ.

ಓಆರ್‌ಎಸ್ ಪೊಟ್ಟಣದ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಸಿಗುವ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಅಳತೆ ಮಾಡಿದ್ದು. ನಿಮ್ಮ ಚೀಲದ ಬಾಟಲಿ ಅರ್ಧ ಲೀಟರಿನದು. ಇಡೀ ಪೊಟ್ಟಣವನ್ನು ಅದಕ್ಕೆ ಸುರಿದರೆ ಉಪ್ಪು ಸಕ್ಕರೆ ಎರಡೂ ಜಾಸ್ತಿಯಾಗಿ, ವಾಂತಿ ಭೇದಿಯಿಂದ ಸೊರಗಿದ ಮಗುವಿಗೆ ಕೇಡೇ ಆಗಬಹುದು. 200 ಮಿಲಿಲೀಟರಿಗೆಂದೇ ಬರುವ ಸಣ್ಣ ಪೊಟ್ಟಣಗಳೂ ಔಷಧಿ ಅಂಗಡಿಯಲ್ಲಿ ಸಿಗುತ್ತವೆ, ಅವನ್ನೇ ಕೇಳಿ. ಉಳಿದಂತೆ ನಾಲ್ಕು ಬ್ಯಾಂಡೇಜು ಪಟ್ಟಿ, ಸ್ವಲ್ಪ ಗಾಜ್ ಬಟ್ಟೆ, ಉಳುಕಿಗೆ ಸುತ್ತುವ ಕ್ರೇಪ್ ಬ್ಯಾಂಡೇಜು. ತೋಟದಲ್ಲಿ ಓಡಾಡುವ ಕೆಲವರು ಹಾವು ಕಚ್ಚಿದರೆ ಇರಲಿ ಎಂದು ಬ್ಲೇಡು, ದಾರ ಇಟ್ಟುಕೊಂಡಿರುತ್ತಾರೆ. ದಯವಿಟ್ಟು ಅವನ್ನು ತೆಗೆದುಹಾಕಿ. ಕೊಯ್ಯುವುದೂ ಬಿಗಿಯಾಗಿ ಕಟ್ಟುವುದೂ ಹಾನಿಯೇ. ಕಚ್ಚಿದ ಕೈಕಾಲು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆ ಸೇರಬೇಕು.

ಪವರ್ ಬ್ಯಾಂಕ್ ಕೊಳ್ಳುವಾಗ ಮೇಲೆ ಬರೆದ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. 10,000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜು ಹಿಡಿಯುತ್ತದೆ ಎಂಬ ಅಳತೆ) ಎಂದಿದ್ದರೆ ಫೋನಿಗೆ ನಿಜವಾಗಿ ಇಳಿಯುವುದು ಆರು ಸಾವಿರ, ಆರೂವರೆ ಸಾವಿರದ ಆಸುಪಾಸು. ಒಳಗಿನ ಸೆಲ್ಲಿನ ವೋಲ್ಟೇಜು 3.7, ಹೊರಗೆ ಬರುವುದು 5, ಬದಲಾಗುವಾಗ ಒಂದಿಷ್ಟು ಕಾವಾಗಿಯೂ ಹೋಗುತ್ತದೆ. 5,000ದ ಬ್ಯಾಟರಿ ಇರುವ ಫೋನಿಗೆ ಒಂದು ಸಲ ಪೂರ್ತಿ, ಮೇಲೆ ಚೂರು. ದಿನದ ಚೀಲಕ್ಕೆ ಅಷ್ಟು ಸಾಕು. 20,000ದ್ದು ಇಟ್ಟಿಗೆಯ ತೂಕ.

ಫೋನು ಇದ್ದರೂ ಕಾಗದ ಬೇಕು. ಡಿಜಿಲಾಕರ್‌ನಲ್ಲಿ ಎಲ್ಲ ದಾಖಲೆ ಇದೆ ಎನ್ನುತ್ತೇವೆ, ಸರಿ, ಆದರೆ ಫೋನು ನೀರಿಗೆ ಬಿದ್ದರೆ? ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ವೈದ್ಯರ ಚೀಟಿ, ಇವುಗಳ ನಕಲನ್ನು ಪ್ಲಾಸ್ಟಿಕ್ ಜಿಪ್ ಕವರಿನಲ್ಲಿ ಹಾಕಿಡಿ. ಮನೆಯವರ ನಾಲ್ಕು ಫೋನ್ ನಂಬರು ಬಾಲ್‌ಪೆನ್ನಿನಲ್ಲಿ ಬರೆದ ಚೀಟಿಯೂ ಅಲ್ಲೇ ಇರಲಿ. ಗಂಡನ ನಂಬರು ಹೆಂಡತಿಗೆ, ಹೆಂಡತಿಯದು ಗಂಡನಿಗೆ ಬಾಯಿಪಾಠ ಇರುವ ಮನೆ ಈಗ ಅಪರೂಪ. ನೂರು, ಐವತ್ತು, ಹತ್ತರ ನೋಟುಗಳೂ ಇರಲಿ. ನೆಟ್‌ವರ್ಕ್ ಹೋದ ದಿನ ಚಹಾದಂಗಡಿಯ ಕ್ಯೂಆರ್ ಚೀಟಿ ಬರೀ ಚಿತ್ರ. ಇನ್ನು ಸೀಟಿ ಏಕೆ ಎಂದರೆ, ಕೂಗಿ ಕೂಗಿ ಗಂಟಲು ಬತ್ತುತ್ತದೆ, ಸೀಟಿಗೆ ಉಸಿರಿದ್ದರೆ ಸಾಕು.

ಅಂಗೈಯಗಲದ ಸೆಲ್ ರೇಡಿಯೊ ಒಂದನ್ನು ಇಟ್ಟುಕೊಳ್ಳಿ ಎಂದೂ ಹೇಳುತ್ತೇನೆ. ರೇಡಿಯೊದಲ್ಲಿ ಕೂತು ರೇಡಿಯೊವನ್ನೇ ಹೊಗಳುತ್ತಿದ್ದಾರೆ ಎಂದು ನಗಬೇಡಿ. ಕರೆಂಟು ಹೋಗಿ ಮೊಬೈಲ್ ಟವರಿನ ಬ್ಯಾಟರಿ ಮುಗಿದ ಮೇಲೂ ದೂರದ ಕೇಂದ್ರದ ದನಿ ಎರಡು ಸೆಲ್ಲಿನಲ್ಲಿ ಕೇಳುತ್ತದೆ. ಬಳಸದಿರುವಾಗ ಸೆಲ್ಲು ತೆಗೆದು ಪಕ್ಕದಲ್ಲಿಡಿ, ಟಾರ್ಚಿನದೂ ಅಷ್ಟೇ.

ಬಟ್ಟೆ ಮತ್ತು ಜಿಪ್ಪು ಉಳಿಯಿತು. ಚೀಲದ ಚೀಟಿಯಲ್ಲಿ 420, 600 ಡೆನಿಯರ್ ಎಂದು ಬರೆದಿರುತ್ತದೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಆ ಸಂಖ್ಯೆ. ಸಂಖ್ಯೆ ಹೆಚ್ಚಿದ್ದರೆ ನೂಲು ದಪ್ಪ, ಅಷ್ಟೇ. ನೀರು ನಿಲ್ಲಿಸುವುದು ಒಳಮೈಗೆ ಬಳಿದ ಲೇಪ. ಕರಾವಳಿ, ಮಲೆನಾಡಿನ ತೇವಕ್ಕೆ ಆ ಲೇಪ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹೊಲಿಗೆಯ ತೂತಿನಿಂದ ನೀರು ಹೇಗೂ ಇಳಿಯುತ್ತದೆ. ಆದ್ದರಿಂದ ವಾಟರ್‌ಪ್ರೂಫ್ ಎಂಬ ಮಾತಿಗೆ ದುಡ್ಡು ಸುರಿಯುವ ಬದಲು ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಕವರೊಂದನ್ನು ಹಾಸಿ, ಸಾಮಾನು ಅದರೊಳಗೆ ಇಡಿ. ಆಗುಂಬೆಯ ಮಳೆಗೂ ಅದು ಸಾಲುತ್ತದೆ.

ಚೀಲ ಹಾಳಾಗುವುದು ಮೊದಲು ಜಿಪ್ಪಿನಲ್ಲಿ. ರನ್ನರಿನ ಬೆನ್ನು ತಿರುಗಿಸಿ ನೋಡಿದರೆ ಎಷ್ಟೋ ಚೀಲಗಳಲ್ಲಿ 3, 5, 8 ಎಂಬ ಸಂಖ್ಯೆ ಕೊರೆದಿರುತ್ತದೆ. ಅದು ಮುಚ್ಚಿದ ಹಲ್ಲುಗಳ ಅಗಲ, ಸುಮಾರಾಗಿ ಮಿಲಿಮೀಟರಿನಲ್ಲಿ. ಮುಖ್ಯ ಬಾಯಿಗೆ 5ಕ್ಕಿಂತ ಕಡಿಮೆ ಬೇಡ. ಜಿಪ್ಪು ಹಿಂದೆ ಬಿಟ್ಟುಕೊಳ್ಳುತ್ತಿದ್ದರೆ ಬಹುತೇಕ ರನ್ನರು ಸಡಿಲಾಗಿರುತ್ತದೆ, ಬಸ್ ನಿಲ್ದಾಣದ ಹತ್ತಿರ ಕೂರುವ ಕೊಡೆ ರಿಪೇರಿಯವರು ಇಕ್ಕಳದಲ್ಲಿ ಒತ್ತಿ ಸರಿ ಮಾಡಿಕೊಡುತ್ತಾರೆ, ಆಗದಿದ್ದರೆ ರನ್ನರು ಮಾತ್ರ ಬದಲಿಸುತ್ತಾರೆ. ಪಟ್ಟಿ ಚೀಲಕ್ಕೆ ಸೇರುವ ಕಡೆ ಚೌಕದೊಳಗೆ ಅಡ್ಡಗೀಟಿನ ಹೊಲಿಗೆ ಇದೆಯೇ ನೋಡಿ. ಒಂದೇ ಸಾಲು ಹೊಲಿಗೆ ಇದ್ದರೆ ಪಕ್ಕದ ದರ್ಜಿಯ ಹತ್ತಿರ ಗಟ್ಟಿ ಮಾಡಿಸಿಕೊಂಡೇ ಬಳಸಿ.

ವರ್ಷಕ್ಕೆ ಎರಡು ಸಲ ಚೀಲವನ್ನು ಪೂರ್ತಿ ಸುರಿಯಬೇಕು. ಮೇ ಕೊನೆಯಲ್ಲಿ ಮಳೆ ಹಿಡಿಯುವ ಮುಂಚೆ ಒಮ್ಮೆ, ದೀಪಾವಳಿಗೆ ಮನೆ ಸಾರಿಸುವಾಗ ಇನ್ನೊಮ್ಮೆ. ಅವಧಿ ಮುಗಿದ ಮಾತ್ರೆ ತೆಗೆಯಿರಿ, ಹಳೆಯ ಬಸ್ ಟಿಕೆಟುಗಳನ್ನೂ ತೆಗೆಯಿರಿ, ಚಿಕ್ಕಿಯನ್ನು ಮಕ್ಕಳಿಗೆ ಕೊಟ್ಟು ಹೊಸದು ಇಡಿ. ಚೀಲದ ಜಾಗ ಹೊಸಿಲ ಹತ್ತಿರದ ಒಂದೇ ಮೊಳೆ, ಚಪ್ಪಲಿ ಮೆಟ್ಟುವಾಗ ಕೈಗೆ ಎಟುಕುವಷ್ಟು ಎತ್ತರದಲ್ಲಿ.

ನಮಸ್ಕಾರ.